ಶೀಟ್ ಕಟಿಂಗ್‌ಗೆ ಯಾವ ಮಷಿನ್ ಹಾಕ್ಬೇಕು? ಹಾಸನ, ಚಿಕ್ಕಮಗಳೂರು ಕಡೆ ಶಾಪ್ ಇರೋರಿಗೆ

ನಮ್ಮ ಕಡೆ ಫ್ಯಾಬ್ರಿಕೇಷನ್ ಶಾಪ್ ಇಟ್ಟಿರೋ ಹುಡುಗ್ರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ, ಅಣ್ಣ ತಗಡು ಕಟ್ ಮಾಡೋಕೆ ಮೆಕ್ಯಾನಿಕಲ್ ಶಿಯರ್ (ಎರಡು ಬ್ಲೇಡಿನ ದೊಡ್ಡ ಕತ್ತರಿ ಮಷಿನ್) ಹಾಕ್ಲಾ ಹೈಡ್ರಾಲಿಕ್ ಹಾಕ್ಲಾ, ಇಲ್ಲಾ ಪ್ಲಾಸ್ಮಾ (ಗಾಳಿ, ಕರೆಂಟಿನ ಆರ್ಕ್‌ನಲ್ಲಿ ಕೊಯ್ಯೋ ಮಷಿನ್) ತಗೊಂಡ್ಬಿಡ್ಲಾ, ಈಗ ಎಲ್ರೂ ಲೇಸರ್ ಅಂತಾರಲ್ಲ ಅದು ಹೆಂಗೆ ಅಂತ. ಬಹಳ ಜನ ರೇಟು ಎಷ್ಟು, ಎಷ್ಟು ಎಂಎಂ ಕಟ್ ಮಾಡುತ್ತೆ, ಇವೆರಡೇ ನೋಡಿ ಅಡ್ವಾನ್ಸ್ ಕೊಟ್ಬಿಡ್ತಾರೆ. ನನ್ನ ಕೇಳಿದ್ರೆ ಮೊದ್ಲು ನೋಡ್ಬೇಕಾದ್ದು ಬೇರೆ. ಆ ಮಷಿನ್ ನಿಮ್ಮ ಶೆಡ್ಡಿಗೆ ಬಂದ ಮೇಲೆ ಅದನ್ನ ಹದಕ್ಕೆ ತರೋದು ಯಾರು, ಹದ ತಪ್ಪಿದಾಗ ನೀವೇ ಸ್ಪ್ಯಾನರ್ ಹಿಡಿದು ಸರಿ ಮಾಡ್ಕೋಬೋದಾ ಇಲ್ಲಾ ಬೆಂಗಳೂರಿಂದ ಆಳು ಬರೋ ತನಕ ಕೈಕಟ್ಟಿ ಕೂರ್ಬೇಕಾ, ನಿಮ್ಮ ಊರಿನ ಕರೆಂಟು, ನಿಮ್ಮ ಊರಿನ ಮಳೆ ಆ ಮಷಿನ್‌ಗೆ ಒಗ್ಗುತ್ತಾ. ಈ ಲೆಕ್ಕದಲ್ಲೇ ಒಂದೊಂದನ್ನೂ ಪಕ್ಕ ಪಕ್ಕ ಇಟ್ಟು ಹೇಳ್ತೀನಿ.

ಮೊದ್ಲು ನಿಮ್ಮ ಕೆಲ್ಸ ಏನು ಅಂತ ಒಂದು ಪೇಪರ್ ಮೇಲೆ ಬರ್ಕೊಳ್ಳಿ. ಹಾಸನ ಸಿಟಿ, ಬಿಎಂ ರೋಡ್ ಕಡೆ ಶಾಪ್ ಆದ್ರೆ ಗೇಟು, ಶಟರ್, ಪ್ಯಾನಲ್ ಬೋರ್ಡ್ ಡಬ್ಬ, ಹೋಟ್ಲಿನವರ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಟೇಬಲ್, ಟ್ರೇಲರ್ ಬಾಡಿ. ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ ಆದ್ರೆ ಎಸ್ಟೇಟ್ ಕೆಲ್ಸ, ಅಂದ್ರೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಷಿನ್) ಹಾಪರ್, ಚ್ಯೂಟ್, ನೀರಿನ ತೊಟ್ಟಿ, ರೂಫ್ ಶೀಟ್, ಹೋಮ್‌ಸ್ಟೇ ರೇಲಿಂಗ್. ಇದ್ರಲ್ಲಿ ಬಹುಪಾಲು 16ರಿಂದ 22 ಗೇಜ್ ಒಳಗೇ ಮುಗಿಯುತ್ತೆ, ಅಂದ್ರೆ 1.6 ಎಂಎಂನಿಂದ 0.7 ಎಂಎಂ. 3 ಎಂಎಂ ಆಗಾಗ ಬರುತ್ತೆ, 6 ಎಂಎಂ ಅಪರೂಪಕ್ಕೆ ಬೇಸ್ ಪ್ಲೇಟ್‌ಗೆ. ವರ್ಷಕ್ಕೆ ಒಂದೆರಡು ಸಲ ಬರೋ 6 ಎಂಎಂಗೋಸ್ಕರ ದೊಡ್ಡ ಮಷಿನ್ ತಂದು ದಿನಾ 20 ಗೇಜ್ ತಗಡನ್ನ ಅದರಲ್ಲಿ ಕಟ್ ಮಾಡೋಕೆ ಹೋದ್ರೆ ದಿನಾ ಬರ್ (ಕಟ್ ಆದ ಅಂಚಲ್ಲಿ ಏಳೋ ಮುಳ್ಳು) ತಿಕ್ಕೋದೇ ಕೆಲ್ಸ ಆಗುತ್ತೆ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಗ್ರೈಂಡರ್, ನಿಬ್ಲರ್, ಕೈಕತ್ತರಿ

ಎಲ್ರೂ ಶುರು ಮಾಡೋದು ಇಲ್ಲಿಂದಾನೆ, ತಪ್ಪೇನಿಲ್ಲ. ಆದ್ರೆ ಕಲರ್ ಕೋಟೆಡ್ ರೂಫ್ ಶೀಟು, ಜಿಐ (ಜಿಂಕ್ ಲೇಪದ) ಶೀಟು ಮಾತ್ರ ದಯವಿಟ್ಟು ಕಟಿಂಗ್ ವೀಲ್ ಹಾಕಿ ಕೊಯ್ಬೇಡಿ. ಆ ಬಿಸಿಗೆ ಅಂಚಿನ ಜಿಂಕ್ ಕೋಟಿಂಗು, ಬಣ್ಣ ಎರಡೂ ಸುಟ್ಟುಹೋಗುತ್ತೆ, ಹಾರಿದ ಕಿಡಿ ಪೇಂಟ್ ಮೇಲೆ ಕಚ್ಚಿಕೊಂಡು ಅಲ್ಲಲ್ಲೇ ತುಕ್ಕಿನ ಚುಕ್ಕೆ ಏಳುತ್ತೆ. ಬಯಲು ಸೀಮೆಯಲ್ಲಿ ಹೆಂಗೋ ನಡೆದೀತು, ಮಲೆನಾಡಿನ ಮಳೆಗೆ ಒಂದು ಮಳೆಗಾಲ ಕಳೆಯೋದ್ರೊಳಗೆ ಗಿರಾಕಿ ಫೋನ್ ಮಾಡ್ತಾನೆ. ರೂಫಿಂಗ್ ಕೆಲ್ಸ ಜಾಸ್ತಿ ಇದ್ರೆ ಒಂದು ಒಳ್ಳೆ ಎಲೆಕ್ಟ್ರಿಕ್ ನಿಬ್ಲರ್ (ತಗಡನ್ನ ಚೂರುಚೂರಾಗಿ ಕಚ್ಚಿ ಕೊಯ್ಯೋ ಕೈ ಮಷಿನ್) ತಗೊಳ್ಳಿ, ಕರುಗೇಟೆಡ್ ಶೀಟ್ ಮೇಲೂ ಆರಾಮಾಗಿ ಓಡುತ್ತೆ, ಸೆಟ್ಟಿಂಗ್ ಅಂತ ಜಾಸ್ತಿ ಏನಿಲ್ಲ, ಪಂಚು ಡೈ ಮೊಂಡಾದ್ರೆ ಬದಲಾಯಿಸೋದು ಅಷ್ಟೆ. ಕೆಳಗೆ ಬೀಳೋ ಸಣ್ಣ ಚೂರು ಗುಡಿಸಿ ತೆಗೀರಿ, ಕಾಲಿಗೆ ಚುಚ್ಚುತ್ತೆ.

ಬೆಂಚಿಗೆ ಬೋಲ್ಟ್ ಮಾಡೋ ಹ್ಯಾಂಡ್ ಲಿವರ್ ಶಿಯರ್ ಪಟ್ಟಿ ಕಟ್ ಮಾಡೋಕೆ ಯಾವತ್ತಿಗೂ ಬೇಕಾಗುತ್ತೆ. ಅದರಲ್ಲಿ ನೋಡ್ಬೇಕಾದ್ದು ಎರಡು, ಪಿವಟ್ ಬೋಲ್ಟು ಮತ್ತೆ ತಗಡನ್ನ ಅದುಮಿ ಹಿಡಿಯೋ ಒತ್ತು ಸ್ಕ್ರೂ. ಪಿವಟ್ ಲೂಸಾದ್ರೆ ಬ್ಲೇಡ್ ಎರಡೂ ದೂರ ಹೋಗಿ ತಗಡು ಮಧ್ಯದಲ್ಲಿ ಮಡಚಿಕೊಳ್ಳುತ್ತೆ, ಒತ್ತು ಸ್ಕ್ರೂ ಹಾಕದೆ ಕಟ್ ಮಾಡಿದ್ರೆ ತಗಡು ಮೇಲಕ್ಕೆ ಎಗರುತ್ತೆ.

ಕಾಲಲ್ಲಿ ತುಳಿಯೋ ಫುಟ್ ಶಿಯರ್

4 ಅಡಿ ಅಗಲ, 18 ಗೇಜ್ ಎಂಎಸ್ (ಮಾಮೂಲಿ ಮೈಲ್ಡ್ ಸ್ಟೀಲ್) ತನಕ, ಗಟ್ಟಿ ಮಷಿನ್ ಆದ್ರೆ 16 ಗೇಜ್. ಕರೆಂಟ್ ಬೇಡ. ಡಕ್ಟಿಂಗ್, ಪ್ಯಾನಲ್ ಡಬ್ಬ, ಎಸ್‌ಎಸ್ ತೆಳು ಶೀಟು ಮಾಡೋರಿಗೆ ಇದು ಸಾಕು ಅಂತ ನಾನು ಧೈರ್ಯವಾಗಿ ಹೇಳ್ತೀನಿ, ಸಣ್ಣದು ಅಂತ ಜನ ಇದನ್ನ ಕಡೆಗಣಿಸ್ತಾರೆ. ಇದರ ಬ್ಲೇಡ್ ಗ್ಯಾಪ್ (ಮೇಲಿನ, ಕೆಳಗಿನ ಬ್ಲೇಡಿನ ಮಧ್ಯದ ಸಂದು) ಒಂದು ಸಲ ಸರಿಯಾಗಿ ಕೂರಿಸಿದ್ರೆ ವರ್ಷಗಟ್ಟಲೆ ಓಡುತ್ತೆ. ಟೆಸ್ಟ್ ಮಾಡೋದು ಸುಲಭ, ನ್ಯೂಸ್ ಪೇಪರ್ ಹಾಳೆನ ಪೂರ್ತಿ ಅಗಲಕ್ಕೆ ಇಟ್ಟು ನಿಧಾನಕ್ಕೆ ತುಳೀರಿ, ಈ ಕೊನೆಯಿಂದ ಆ ಕೊನೆ ತನಕ ಕ್ಲೀನಾಗಿ ಕಟ್ ಆಗ್ಬೇಕು. ಎಲ್ಲಿ ಪೇಪರ್ ಹರಿದೋ ಮಡಚಿಯೋ ಹೋಗುತ್ತೋ ಅಲ್ಲಿ ಗ್ಯಾಪ್ ಜಾಸ್ತಿ ಇದೆ ಇಲ್ಲಾ ಅಂಚು ಮೊಂಡಾಗಿದೆ ಅಂತ.

ಮೆಕ್ಯಾನಿಕಲ್ಲೋ ಹೈಡ್ರಾಲಿಕ್ಕೋ, ನಿಜವಾದ ಗೊಂದಲ ಇಲ್ಲೇ

8 ಅಡಿ ಶೀಟನ್ನ ಉದ್ದಕ್ಕೆ ಒಂದೇ ಏಟಿಗೆ ಕಟ್ ಮಾಡ್ಬೇಕು ಅಂದ್ರೆ ಇವೆರಡರಲ್ಲಿ ಒಂದು ಬೇಕೇ ಬೇಕು. ರಾಜ್‌ಕೋಟ್, ಬಟಾಲಾ ಕಡೆಯಿಂದ ಬರೋ ಮಷಿನ್‌ಗಳು ಜಾಸ್ತಿ, ಬೆಂಗಳೂರಿನ ಪೀಣ್ಯದಲ್ಲಿ ವಿಚಾರಿಸಿದ್ರೆ ಸೆಕೆಂಡ್ ಹ್ಯಾಂಡೂ ಸಿಗುತ್ತೆ.

ಮೆಕ್ಯಾನಿಕಲ್ ಅಂದ್ರೆ ದೊಡ್ಡ ಫ್ಲೈವೀಲ್ ತಿರುಗ್ತಾ ಇರುತ್ತೆ, ಪೆಡಲ್ ಒತ್ತಿದ್ರೆ ಕ್ಲಚ್ ಹಿಡಿದು ಬ್ಲೇಡು ಒಂದು ಸಲ ಕೆಳಗೆ ಹೋಗಿ ಬರುತ್ತೆ. ಶಕ್ತಿ ಫ್ಲೈವೀಲ್‌ನಲ್ಲಿ ಕೂಡಿಟ್ಟಿರೋದ್ರಿಂದ ಅದೇ ಕೆಪಾಸಿಟಿಯ ಹೈಡ್ರಾಲಿಕ್‌ಗಿಂತ ಚಿಕ್ಕ ಮೋಟರ್ ಸಾಕು, ಏಟು ಫಾಸ್ಟು, ರಿಪೇರಿ ನಮ್ಮೂರಿನ ಲೇತ್ ಶಾಪಲ್ಲೇ ಆಗುತ್ತೆ, ಬುಷ್ ಹೋಯ್ತಾ ಗನ್‌ಮೆಟಲ್ ಬುಷ್ ತಿರುಗಿಸಿ ಹಾಕ್ಕೊಂಡ್ರೆ ಆಯ್ತು. ಆದ್ರೆ ಏಟು ಶುರುವಾದ ಮೇಲೆ ಮಧ್ಯದಲ್ಲಿ ನಿಲ್ಸೋಕೆ ಆಗಲ್ಲ, ಇದನ್ನ ಕೆಲ್ಸದ ಹುಡುಗ್ರಿಗೆ ದಿನಾ ಹೇಳ್ಬೇಕು. ಕ್ಲಚ್ ಸವೆದಿದ್ರೆ ಒಂದು ಸಲ ತುಳಿದ್ರೆ ಎರಡು ಏಟು ಹೊಡೆಯುತ್ತೆ, ಬೆರಳು ಹೋಗೋದು ಆಗಲೇ. ಡಬಲ್ ಏಟು ಹೊಡಿಯೋ ಮಷಿನ್ ಎಷ್ಟು ಸೋವಿಗೆ ಸಿಕ್ಕಿದ್ರೂ ಕ್ಲಚ್ ರಿಪೇರಿ ಆಗೋ ತನಕ ಸ್ವಿಚ್ ಹಾಕ್ಲೇಬೇಡಿ. ಕೆಪಾಸಿಟಿ ಮೀರಿ ದಪ್ಪ ಹಾಕಿದ್ರೂ ಅಷ್ಟೆ, ಮೆಕ್ಯಾನಿಕಲ್‌ಗೆ ಹಿಂದೆ ಸರಿಯೋ ದಾರಿ ಇಲ್ಲ, ಬ್ಲೇಡು ಕಚ್ಚಿಕೊಂಡು ನಿಲ್ಲುತ್ತೆ, ಇಲ್ಲಾ ಕ್ರ್ಯಾಂಕ್ ಶಾಫ್ಟೇ ಮುರಿಯುತ್ತೆ.

ಹೈಡ್ರಾಲಿಕ್‌ನಲ್ಲಿ ಓವರ್‌ಲೋಡ್ ಆದ್ರೆ ರಿಲೀಫ್ ವಾಲ್ವ್ ಬಿಟ್ಕೊಳ್ಳುತ್ತೆ, ಬ್ಲೇಡು ಅಲ್ಲೇ ನಿಲ್ಲುತ್ತೆ, ವಾಪಸ್ ಎತ್ತಬೋದು. ಸದ್ದು ಕಮ್ಮಿ. ಸಣ್ಣ ಪೀಸಿಗೆ ಸ್ಟ್ರೋಕ್ ಕಮ್ಮಿ ಮಾಡ್ಕೋಬೋದು. ಬಹಳ ಮಾಡೆಲ್‌ಗಳಲ್ಲಿ ಸೈಡಲ್ಲಿ ಒಂದು ಲಿವರ್ ಇರುತ್ತೆ, ಅದನ್ನ ತಿರುಗಿಸಿದ್ರೆ ಗ್ಯಾಪ್ ಚೇಂಜ್ ಆಗುತ್ತೆ, 20 ಗೇಜ್ ಮುಗಿಸಿ 3 ಎಂಎಂಗೆ ಹೋಗೋದು ಅರೆಗಳಿಗೆಯ ಕೆಲ್ಸ. ಅದೇ ಮೆಕ್ಯಾನಿಕಲ್‌ನಲ್ಲಿ ಬೆಡ್ ಬೋಲ್ಟ್ ಲೂಸ್ ಮಾಡಿ, ಹಿಂದೆ ಮುಂದೆ ಇರೋ ಸ್ಕ್ರೂ ತಿರುಗಿಸಿ, ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಹಾಕಿ ನೋಡಿ, ಮತ್ತೆ ಟೈಟ್ ಮಾಡಿ, ಟೈಟ್ ಮಾಡುವಾಗ ಅದು ಸರಿದುಹೋಗಿ, ಮತ್ತೆ ಮೊದಲಿಂದ, ಹಿಂಗೆ ಅರ್ಧ ದಿನ ಹಿಡಿಯುತ್ತೆ. ಅದಕ್ಕೇ ಮೆಕ್ಯಾನಿಕಲ್ ಇರೋರು ಯಾರೂ ದಿನಾ ಗ್ಯಾಪ್ ಮುಟ್ಟಲ್ಲ, ಒಂದೇ ಗ್ಯಾಪಲ್ಲಿ ಎಲ್ಲಾ ಕಟ್ ಮಾಡ್ತಾರೆ. ನಾನು ಹೇಳೋ ದೊಡ್ಡ ವ್ಯತ್ಯಾಸ ಇದೇ. ನಿಮ್ಮ ಕೆಲ್ಸ ದಿನಾ ಒಂದೇ ತರದ ದಪ್ಪ ಆದ್ರೆ ಮೆಕ್ಯಾನಿಕಲ್ ಕಣ್ಣುಮುಚ್ಚಿ ತಗೊಳ್ಳಿ, ದಿನಕ್ಕೆ ನಾಲ್ಕು ದಪ್ಪ ಬದಲಾಗೋ ಜಾಬ್ ವರ್ಕ್ ಆದ್ರೆ ದುಡ್ಡು ಹೊಂದಿಸಿ ಹೈಡ್ರಾಲಿಕ್‌ಗೇ ಹೋಗಿ.

ಗ್ಯಾಪ್ ಎಷ್ಟಿರಬೇಕು ಅಂದ್ರೆ ಎಂಎಸ್‌ಗೆ ತಗಡಿನ ದಪ್ಪದ 5ರಿಂದ 10 ಪರ್ಸೆಂಟ್ ಒಳಗೆ. 1.2 ಎಂಎಂ ಶೀಟಿಗೆ 0.07 ಎಂಎಂ ಆಸುಪಾಸು, 3 ಎಂಎಂಗೆ 0.2, 6 ಎಂಎಂಗೆ 0.4ರಿಂದ 0.5. ಈಗ ಮೊದ್ಲು ಹೇಳಿದ್ದು ಅರ್ಥ ಆಗಿರಬೇಕು, 6 ಎಂಎಂಗೆ ಅಂತ 0.4 ಬಿಟ್ಟಿರೋ ಮಷಿನ್‌ಗೆ 22 ಗೇಜ್ ತಗಡು ಹಾಕಿದ್ರೆ ಅದು ಕಟ್ ಆಗೋದಕ್ಕಿಂತ ಜಾಸ್ತಿ ಎರಡು ಬ್ಲೇಡ್ ಮಧ್ಯೆ ಮಡಚಿಕೊಂಡು ಇಳಿಯುತ್ತೆ. ದಿನಾ ಗ್ಯಾಪ್ ಚೇಂಜ್ ಮಾಡೋಕೆ ಆಗದ ಮಷಿನ್‌ನಲ್ಲಿ ನೀವು ಮಾಮೂಲಿಯಾಗಿ ಕಟ್ ಮಾಡೋ ತೆಳು ಶೀಟಿಗೆ ಸೆಟ್ ಮಾಡಿ ಇಟ್ಕೊಳ್ಳಿ, ದಪ್ಪಕ್ಕೆ ಸ್ವಲ್ಪ ಜಾಸ್ತಿ ಲೋಡ್ ಬೀಳುತ್ತೆ, ಬ್ಲೇಡ್ ಬೇಗ ಮೊಂಡಾಗುತ್ತೆ, ಆದ್ರೂ ಕೆಲ್ಸ ಹಾಳಾಗಲ್ಲ.

ಅಳೆಯೋ ರೀತಿ. ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ತೆಗೆದು ಜೇಬಲ್ಲಿ ಇಟ್ಕೊಳ್ಳಿ, ಫ್ಲೈವೀಲ್ ಪೂರ್ತಿ ನಿಲ್ಲೋ ತನಕ ಕಾಯಿರಿ, ಸ್ವಿಚ್ ಆಫ್ ಆದ ಮೇಲೂ ಅದು ಸುಮಾರು ಹೊತ್ತು ತಿರುಗುತ್ತೆ ಮತ್ತೆ ಅದರಲ್ಲಿರೋ ಶಕ್ತಿ ಒಂದು ಏಟಿಗೆ ಸಾಕು. ಆಮೇಲೆ ಕೈಯಲ್ಲಿ ಫ್ಲೈವೀಲ್ ತಿರುಗಿಸಿ ಮೇಲಿನ ಬ್ಲೇಡ್ ಇಳಿಸ್ಬೇಕು. ಮೇಲಿನ ಬ್ಲೇಡು ಓರೆಯಾಗಿರುತ್ತೆ, ಒಂದೊಂದು ಕಡೆ ಒಂದೊಂದು ಹೊತ್ತಿಗೆ ಕೆಳಗಿನ ಬ್ಲೇಡನ್ನ ದಾಟುತ್ತೆ. ಹಂಗಾಗಿ ಎಡತುದಿ ದಾಟುವಾಗ ನಿಲ್ಸಿ ಅಲ್ಲಿ ಫೀಲರ್ ಹಾಕಿ, ಮಧ್ಯಕ್ಕೆ ಬಂದಾಗ ಮತ್ತೆ, ಬಲತುದಿಗೆ ಮತ್ತೆ. ಬರೀ ಎರಡು ತುದಿ ನೋಡಿ ಬಿಡ್ಬೇಡಿ, 8 ಅಡಿ ಬೆಡ್ ಮಧ್ಯದಲ್ಲಿ ಸ್ವಲ್ಪ ಬಾಗಿರೋದು ಮಾಮೂಲು, ಅದಕ್ಕೆ ಮಧ್ಯದಲ್ಲಿ ಎಳೆಯೋ ಸ್ಕ್ರೂ ಕೊಟ್ಟಿರ್ತಾರೆ. ಬ್ಲೇಡ್ ತೆಗೆದು ಹಾಕುವಾಗ ಕೂರೋ ಜಾಗ ಒರೆಸಿ, ಒಂದು ಸಣ್ಣ ತುಕ್ಕಿನ ಪುಡಿ ಬ್ಲೇಡ್ ಹಿಂದೆ ಸಿಕ್ಕಿಹಾಕ್ಕೊಂಡ್ರೂ ಅಲ್ಲಿ ಗ್ಯಾಪ್ ಹೋಯ್ತು. ಬೋಲ್ಟನ್ನ ಮಧ್ಯದಿಂದ ತುದಿ ಕಡೆಗೆ ಟೈಟ್ ಮಾಡ್ಕೊಂಡು ಹೋಗಿ.

ಫೀಲರ್ ಗೇಜ್ ಸುಳ್ಳು ಹೇಳಿದ್ರೂ ಕಟ್ ಆದ ಅಂಚು ಸುಳ್ಳು ಹೇಳಲ್ಲ. ತುಂಡನ್ನ ಬೆಳಕಿಗೆ ಹಿಡಿದು ನೋಡಿ, ಮೊದಲ ಮೂರನೇ ಒಂದು ಪಾಲು ಹೊಳೆಯೋ ಪಟ್ಟಿ, ಉಳಿದಿದ್ದು ಮಂಕಾಗಿ ಮುರಿದಂಗೆ ಇದ್ರೆ ಗ್ಯಾಪ್ ಸರಿಯಾಗಿದೆ. ಹೊಳೆಯೋ ಪಟ್ಟಿ ಎರಡು ಕಾಣಿಸಿದ್ರೆ ಗ್ಯಾಪ್ ಕಮ್ಮಿ. ಮೇಲಂಚು ಗುಂಡಗೆ ಬಗ್ಗಿ ಕೆಳಗೆ ಉದ್ದಕ್ಕೂ ಬರ್ ಬಂದ್ರೆ ಗ್ಯಾಪ್ ಜಾಸ್ತಿ ಇಲ್ಲಾ ಬ್ಲೇಡ್ ಮೊಂಡು. ಪ್ರತಿ ತುಂಡಲ್ಲೂ ಒಂದೇ ಜಾಗದಲ್ಲಿ ಕಚ್ಚಿದ ಗುರುತು ಬರ್ತಿದ್ರೆ ಬ್ಲೇಡ್ ಅಲ್ಲಿ ಚಿಪ್ ಆಗಿದೆ, ಗ್ಯಾಪ್ ಮುಟ್ಬೇಡಿ, ಬ್ಲೇಡ್ ತಿರುಗಿಸಿ. ಸಾಮಾನ್ಯವಾಗಿ ಕೆಳಗಿನ ಬ್ಲೇಡ್‌ಗೆ ನಾಲ್ಕು ಅಂಚಿರುತ್ತೆ, ಎಷ್ಟೋ ಶಾಪಲ್ಲಿ ಒಂದೇ ಅಂಚಲ್ಲಿ ವರ್ಷಗಟ್ಟಲೆ ಒದ್ದಾಡ್ತಾ ಇರ್ತಾರೆ. ನಾಲ್ಕೂ ಮುಗಿದ ಮೇಲೆ ಸರ್ಫೇಸ್ ಗ್ರೈಂಡಿಂಗ್ ಮಾಡೋರ ಹತ್ರ ಕೊಟ್ಟು ಸಾಣೆ ಹಿಡಿಸಿ, ಹ್ಯಾಂಡ್ ಗ್ರೈಂಡರ್ ಇಟ್ಟು ತಿಕ್ಕಿದ್ರೆ ಬ್ಲೇಡಿನ ನೇರವೂ ಹೋಗುತ್ತೆ, ಬಿಸಿಗೆ ಅದರ ಗಡಸೂ ಹೋಗುತ್ತೆ.

ಮತ್ತೊಂದು ತಪ್ಪು ಕಲ್ಪನೆ, ಇದು ಎಲ್ಲಾ ಕಡೆ ಇದೆ. ಮಷಿನ್ 3 ಎಂಎಂದು, ಆದ್ರೆ ಪೀಸು ಬರೀ ಒಂದಡಿ ಅಗಲ ಇದೆಯಲ್ಲ, 5 ಎಂಎಂ ಹಾಕಿದ್ರೆ ಏನಾಗುತ್ತೆ ಅಂತಾರೆ. ಬ್ಲೇಡ್ ಓರೆ ಇರೋದ್ರಿಂದ ಯಾವ ಕ್ಷಣದಲ್ಲೂ ಕಟ್ ಆಗ್ತಾ ಇರೋದು ಸ್ವಲ್ಪ ಜಾಗ ಮಾತ್ರ, ಅದು ಒಂದಡಿ ಪೀಸಾದ್ರೂ ಎಂಟಡಿ ಪೀಸಾದ್ರೂ ಹೆಚ್ಚುಕಮ್ಮಿ ಅಷ್ಟೇ ಲೋಡು. ಲೋಡು ಏರೋದು ದಪ್ಪಕ್ಕೆ, ಅದೂ ದಪ್ಪ ಎರಡರಷ್ಟಾದ್ರೆ ಲೋಡು ನಾಲ್ಕರಷ್ಟು. ಪ್ಲೇಟ್ ಮೇಲೆ ಬರೆದಿರೋ ಎಂಎಂ ಎಂಎಸ್‌ಗೆ, ಎಸ್‌ಎಸ್ 304 ಗಟ್ಟಿ, 3 ಎಂಎಂ ಮಷಿನ್‌ನಲ್ಲಿ 2 ಎಂಎಂಗೆ ನಿಲ್ಲಿಸಿ. ಚೆಕರ್ಡ್ ಪ್ಲೇಟ್ ಆದ್ರೆ ಉಬ್ಬು ಸೇರಿಸಿ ದಪ್ಪ ಲೆಕ್ಕ ಹಾಕಿ. ಕಂಬಿ, ವೆಲ್ಡಿಂಗ್ ಗಂಟು ಇರೋ ತಗಡು ಶಿಯರ್‌ಗೆ ಯಾವತ್ತೂ ಬೇಡ.

ಬ್ಲೇಡ್ ಓರೆ ಜಾಸ್ತಿ ಇದ್ರೆ ಲೋಡ್ ಕಮ್ಮಿ ಬೀಳುತ್ತೆ, ಆದ್ರೆ ಒಂದಿಂಚಿನ ಪಟ್ಟಿ ಕಟ್ ಮಾಡಿದ್ರೆ ಬಳ್ಳಿ ತರ ಸುತ್ತಿಕೊಂಡು ಬೀಳುತ್ತೆ. ಪಟ್ಟಿ ಕೆಲ್ಸ ಜಾಸ್ತಿ ಇರೋರು ಓರೆ ಕಮ್ಮಿ ಇರೋ ಮಷಿನ್ ನೋಡಿ, ಇಲ್ಲಾ ಓರೆ ಅಡ್ಜಸ್ಟ್ ಆಗೋ ಹೈಡ್ರಾಲಿಕ್ ತಗೊಳ್ಳಿ.

ಕೂರಿಸೋದರ ಬಗ್ಗೆ. ಎರಡೂ ಮಷಿನ್‌ಗೂ ಕಾಂಕ್ರೀಟ್ ಬೆಡ್ ಪೂರ್ತಿ ಗಟ್ಟಿಯಾಗೋಕೆ 28 ದಿನ ಬಿಡಿ, ಲಾರಿ ಬಂದು ನಿಂತಿದೆ ಅಂತ ಹಸಿ ಕಾಂಕ್ರೀಟ್ ಮೇಲೆ ಇಳಿಸ್ಬೇಡಿ. ಗಾರೆಯವರ ರಸಮಟ್ಟ ಇದಕ್ಕೆ ಸಾಲಲ್ಲ, ಮೀಟರ್‌ಗೆ 0.02 ಎಂಎಂ ತೋರಿಸೋ ಮಷಿನ್ ಲೆವೆಲ್ ಯಾರ ಹತ್ರ ಆದ್ರೂ ಇಸ್ಕೊಳ್ಳಿ. ಬೆಡ್ ಒಂದು ಮೂಲೆಯಲ್ಲಿ ತಿರುಚಿ ಕೂತ್ರೆ ನೀವು ಎಷ್ಟು ಗ್ಯಾಪ್ ಸೆಟ್ ಮಾಡಿದ್ರೂ ನಿಲ್ಲಲ್ಲ. ಆಮೇಲೆ ಬ್ಯಾಕ್ ಗೇಜ್ (ಅಳತೆಗೆ ತಗಡು ತಾಗಿ ನಿಲ್ಲೋ ಹಿಂದಿನ ಪಟ್ಟಿ), ಅದರ ಸ್ಕೇಲ್ ನಂಬ್ಬೇಡಿ, ಒಂದು ಉದ್ದನೆ ಪಟ್ಟಿ ಕಟ್ ಮಾಡಿ ಎರಡೂ ತುದಿ ವರ್ನಿಯರ್‌ನಲ್ಲಿ ಅಳೆದು ಸಮ ಬರೋ ತನಕ ಅಡ್ಜಸ್ಟ್ ಮಾಡಿ. ಸ್ಕ್ವೇರ್ ಸರಿ ಇದೆಯಾ ಅಂತ ನೋಡೋಕೆ ದೊಡ್ಡ ಪೀಸ್ ನಾಲ್ಕೂ ಕಡೆ ಕಟ್ ಮಾಡಿ ಕರ್ಣ ಎರಡೂ ಅಳೀರಿ. ಒತ್ತು ಕಂಬಗಳು ಬ್ಲೇಡ್ ಮುಟ್ಟೋಕೆ ಮೊದಲೇ ತಗಡನ್ನ ಹಿಡಿದಿರ್ಬೇಕು, ಒಂದರ ಸ್ಪ್ರಿಂಗ್ ಹೋಗಿದ್ರೂ ತಗಡು ಆ ಕಡೆಗೆ ಜಾರಿ ಅಳತೆ ಓರೆ ಬರುತ್ತೆ.

ಕರೆಂಟಿನ ಮಾತು. ಹಾಸನ ಚೆಸ್ಕಾಂ, ಚಿಕ್ಕಮಗಳೂರು ಮೆಸ್ಕಾಂ, ಯಾವುದಾದ್ರೂ ತ್ರೀ ಫೇಸ್ ಇಂಡಸ್ಟ್ರಿ ಕನೆಕ್ಷನ್ ಬೇಕು, ಲೋಡ್ ಸ್ಯಾಂಕ್ಷನ್ ಆಗೋಕೆ ಮುಂಚೆ ಮಷಿನ್ ಆರ್ಡರ್ ಮಾಡ್ಬೇಡಿ. ಮಲೆನಾಡಲ್ಲಿ ಮಳೆಗಾಲ ಮರ ಬಿದ್ದು ಲೈನ್ ಹರಿದು ಮತ್ತೆ ಜೋಡಿಸಿದಾಗ ಫೇಸ್ ಅದಲುಬದಲಾಗೋದು ಉಂಟು, ಆಗ ಮೋಟರ್ ಉಲ್ಟಾ ತಿರುಗುತ್ತೆ. ಮೆಕ್ಯಾನಿಕಲ್ ಆದ್ರೆ ಫ್ಲೈವೀಲ್ ಮೇಲಿನ ಬಾಣದ ಗುರುತು ನೋಡಿದ್ರೆ ತಕ್ಷಣ ಗೊತ್ತಾಗುತ್ತೆ, ಹೈಡ್ರಾಲಿಕ್‌ನಲ್ಲಿ ಪಂಪು ಉಲ್ಟಾ ತಿರುಗಿ ಎಣ್ಣೆ ಎಳೆಯದೆ ಒಣಗಿ ಓಡಿ ಹಾಳಾಗುತ್ತೆ. ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದ್ರೆ ಮೋಟರ್ ನಿಲ್ಸೋದು) ಜೊತೆಗೆ ಫೇಸ್ ಸೀಕ್ವೆನ್ಸ್ ನೋಡೋ ರಿಲೇ ಹಾಕಿಸಿ, ಪಂಪಿನ ರೇಟಿಗೆ ಹೋಲಿಸಿದ್ರೆ ಅದು ಏನೇನೂ ಅಲ್ಲ. ಹೈಡ್ರಾಲಿಕ್ ಆಯಿಲ್ ಹಾಲಿನ ತರ ಬೆಳ್ಳಗಾಗಿದ್ರೆ ನೀರು ಸೇರಿದೆ ಅಂತ, ಬದಲಾಯಿಸಿ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಿಗ್ಗೆ ಎಣ್ಣೆ ಮಂದ ಇರುತ್ತೆ, ಸ್ವಲ್ಪ ಹೊತ್ತು ಲೋಡ್ ಇಲ್ದೆ ಓಡಿಸಿ ಆಮೇಲೆ ಕಟಿಂಗ್ ಶುರು ಮಾಡಿ.

ಪ್ಲಾಸ್ಮಾ

ಶಿಯರ್ ನೇರ ಕಟ್ ಮಾತ್ರ ಮಾಡುತ್ತೆ. ಬ್ರ್ಯಾಕೆಟ್, ಗುಂಡು, ಗೇಟಿನ ಡಿಸೈನ್ ಬೇಕು ಅಂದ್ರೆ ಪ್ಲಾಸ್ಮಾ. 40 ಆಂಪಿಯರ್ ಮಷಿನ್ ಸುಮಾರು 10 ಎಂಎಂ ತನಕ ಕೊಯ್ಯುತ್ತೆ, ಸಿಂಗಲ್ ಫೇಸ್‌ನಲ್ಲಿ ಓಡೋ ಮಾಡೆಲ್‌ಗಳೂ ಇವೆ, ದುಡ್ಡೂ ಕಮ್ಮಿ. 20 ಗೇಜ್ ತರದ ತೆಳು ಶೀಟಿಗೆ ಮಾತ್ರ ನಾನು ಬೇಡ ಅಂತೀನಿ, ಬಿಸಿಗೆ ಅಲೆಅಲೆಯಾಗಿ ಏಳುತ್ತೆ.

ಇದರ ಹದ ಪೂರ್ತಿ ನಿಂತಿರೋದು ಗಾಳಿ ಮೇಲೆ. ಪ್ರೆಶರ್ ಬುಕ್ಕಲ್ಲಿ ಕೊಟ್ಟಿರೋ ಹಾಗೆ, ಮಾಮೂಲಿ 5 ಬಾರ್ ಆಸುಪಾಸು, ಮತ್ತೆ ಗಾಳಿ ಒಣಗಿರ್ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಟ್ಟಿಗೆಹಾರ, ಶೃಂಗೇರಿ ಕಡೆ ಕಂಪ್ರೆಸರ್ ಎಳ್ಕೊಳ್ಳೋದು ಅರ್ಧ ನೀರನ್ನೇ. ನೀರು ಟಾರ್ಚಿಗೆ (ಕೈಯಲ್ಲಿ ಹಿಡಿದು ಕೊಯ್ಯೋ ತಲೆ) ಹೋದ್ರೆ ಆರ್ಕ್ ಪಟಪಟ ಅನ್ನುತ್ತೆ, ಎಲೆಕ್ಟ್ರೋಡು ನಾಝಲ್ಲು ಬೇಗ ಬೇಗ ಸುಡುತ್ತೆ. ಬರೀ ಫಿಲ್ಟರ್ ಸಾಲಲ್ಲ, ಏರ್ ಡ್ರೈಯರ್ ದುಡ್ಡನ್ನೂ ಮಷಿನ್ ಜೊತೆಗೇ ಲೆಕ್ಕಕ್ಕೆ ಹಿಡೀರಿ, ಟ್ಯಾಂಕಿನ ನೀರು ದಿನಾ ಬಿಡಿ. ಎಲೆಕ್ಟ್ರೋಡು ನಾಝಲ್ಲು ಎರಡೂ ಒಟ್ಟಿಗೇ ಬದಲಾಯಿಸಿ. ಅರ್ಥ್ ಕ್ಲ್ಯಾಂಪು ಟೇಬಲ್‌ಗೆ ಕಚ್ಚಿಸದೆ ತಗಡಿಗೇ, ತುಕ್ಕು ಬಣ್ಣ ಕೆರೆದು ಹಾಕಿ.

ಅಡಿಯಲ್ಲಿ ದಪ್ಪಗೆ ಗುಳ್ಳೆಗುಳ್ಳೆಯಾಗಿ ಕಿಟ್ಟ ನಿಂತು ತಟ್ಟಿದ್ರೆ ಬಿದ್ದುಹೋದ್ರೆ ನಿಧಾನ ಆಯ್ತು ಅಂತ, ತೆಳ್ಳಗೆ ಗಟ್ಟಿಯಾಗಿ ಅಂಟಿ ಗ್ರೈಂಡರ್ ಬೇಕಾದ್ರೆ ಸ್ಪೀಡ್ ಜಾಸ್ತಿ ಆಯ್ತು ಅಂತ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಪ್ಲಾಸ್ಮಾದ ಗಾಳಿ ಸುಳಿ ತಿರುಗೋದ್ರಿಂದ ಮಾಮೂಲಿ ಟಾರ್ಚ್‌ನಲ್ಲಿ ಹೋಗೋ ದಿಕ್ಕಿನ ಬಲಗಡೆ ಅಂಚು ನೇರ ಬರುತ್ತೆ, ಎಡಗಡೆ ಓರೆ. ಅದಕ್ಕೇ ಹೊರಗಿನ ಗೆರೆಯನ್ನ ಗಡಿಯಾರದ ದಿಕ್ಕಲ್ಲಿ, ಒಳಗಿನ ತೂತನ್ನ ಅದಕ್ಕೆ ಉಲ್ಟಾ ಕಟ್ ಮಾಡ್ಬೇಕು, ಓರೆ ಎಲ್ಲಾ ಸ್ಕ್ರ್ಯಾಪ್ ಕಡೆ ಹೋಗುತ್ತೆ. ಜಿಐ ಕಟ್ ಮಾಡುವಾಗ ಬರೋ ಬಿಳಿ ಹೊಗೆ ಜಿಂಕ್‌ದು, ಕುಡಿದ್ರೆ ರಾತ್ರಿ ಚಳಿಜ್ವರ ಬರುತ್ತೆ, ಬಾಗಿಲು ತೆಗೆದು ಫ್ಯಾನ್ ಹಾಕಿ.

ಲೇಸರ್

ಫೈಬರ್ ಲೇಸರ್ ಕಟಿಂಗ್ ನೋಡಿದ್ರೆ ಯಾರಿಗಾದ್ರೂ ಆಸೆ ಆಗುತ್ತೆ, ಅಂಚು ತಿಕ್ಕೋ ಕೆಲ್ಸನೇ ಇಲ್ಲ. ಬೆಂಗಳೂರು ತುಮಕೂರು ರೋಡಿನ ಬಿಐಇಸಿ ಎಕ್ಸಿಬಿಷನ್ ಸೆಂಟರ್‌ನಲ್ಲಿ ಇಮ್‌ಟೆಕ್ಸ್ ಫಾರ್ಮಿಂಗ್ ಅನ್ನೋ ಮಷಿನ್ ಮೇಳ ನಡೆದಾಗ ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ, ಆದ್ರೆ ಅಲ್ಲೇ ಸೈನ್ ಹಾಕ್ಬೇಡಿ. ಇದರ ಸೆಟ್ಟಿಂಗ್‌ಗೆ ಸ್ಪ್ಯಾನರ್‌ಗಿಂತ ಶುಚಿ ಮುಖ್ಯ. ನಾಝಲ್ ನಡುವಿಗೆ ಕಿರಣ ಬರ್ತಿದೆಯಾ ಅಂತ ನಾಝಲ್ ಬಾಯಿಗೆ ಟೇಪ್ ಅಂಟಿಸಿ ಒಂದು ಪಲ್ಸ್ ಬಿಟ್ಟು ನೋಡ್ಬೇಕು, ತೂತು ನಡುವಲ್ಲಿ ಇಲ್ಲಾಂದ್ರೆ ಒಂದು ಕಡೆ ಅಂಚು ಕ್ಲೀನು, ಇನ್ನೊಂದು ಕಡೆ ಕಿಟ್ಟ. ಎಂಎಸ್‌ಗೆ ಆಕ್ಸಿಜನ್, ಎಸ್‌ಎಸ್ ಬೆಳ್ಳಗೆ ಬರ್ಬೇಕಂದ್ರೆ ನೈಟ್ರೋಜನ್, ಅದೂ 10 ಬಾರ್‌ಗೂ ಮೇಲೆ ಪ್ರೆಶರ್, ಸಿಲಿಂಡರ್ ನೀರಿನಂಗೆ ಖಾಲಿ ಆಗುತ್ತೆ. ಮಳೆಗಾಲದಲ್ಲಿ ಚಿಲ್ಲರ್ ನೀರು ತುಂಬಾ ತಣ್ಣಗಿಟ್ರೆ ಲೆನ್ಸ್ ಮೇಲೆ, ಕಿರಣ ಹುಟ್ಟಿಸೋ ಸೋರ್ಸ್ ಒಳಗೆ ಮಂಜು ಹಿಡಿಯುತ್ತೆ, ಅಲ್ಲಿಗೆ ದೊಡ್ಡ ಖರ್ಚು ಬಂತು ಅಂತಲೇ, ಹಂಗಾಗಿ ಎಸಿ ರೂಮು, ಸ್ಟೆಬಿಲೈಸರ್ ಎಲ್ಲಾ ಬೇಕು. ಕಣ್ಣಿಗೆ ಕಾಣದ ಕಿರಣ ಅದು, ವೆಲ್ಡಿಂಗ್ ಗ್ಲಾಸ್ ಸಾಲಲ್ಲ, ಆ ತರಂಗಕ್ಕೇ ಅಂತ ಮಾಡಿರೋ ಕನ್ನಡಕ ಹಾಕ್ಬೇಕು.

ಇಡೀ ದಿನ ಲೇಸರ್ ಓಡಿಸೋಷ್ಟು ಕೆಲ್ಸ ಕೈಲಿದೆ ಅಂದ್ರೆ ಹಾಕಿ, ಇಲ್ಲಾಂದ್ರೆ ಡ್ರಾಯಿಂಗ್ ಡಿಎಕ್ಸ್‌ಎಫ್ ಫೈಲ್ ಮಾಡಿಸಿ ಜಾಬ್ ವರ್ಕ್‌ಗೆ ಹೊರಗೆ ಕೊಡೋದೇ ಲಾಭ. ಮಲೆನಾಡಿನ ಸಣ್ಣ ಶಾಪಿಗೆ ನಾನು ಹೇಳೋ ಜೋಡಿ ಅಂದ್ರೆ ಫುಟ್ ಶಿಯರ್, 40 ಆಂಪಿಯರ್ ಪ್ಲಾಸ್ಮಾ ಮತ್ತೆ ರೂಫಿಂಗ್‌ಗೆ ನಿಬ್ಲರ್. ಹಾಸನದ ಗ್ರೋತ್ ಸೆಂಟರ್, ಚಿಕ್ಕಮಗಳೂರಿನ ಅಂಬಳೆ ಇಂಡಸ್ಟ್ರಿಯಲ್ ಏರಿಯಾ ತರ ಕಡೆ ತ್ರೀ ಫೇಸ್, ಜಾಗ ಎರಡೂ ಇದ್ರೆ 8 ಅಡಿ 3 ಎಂಎಂ ಹೈಡ್ರಾಲಿಕ್.

ಸೆಕೆಂಡ್ ಹ್ಯಾಂಡ್ ಶಿಯರ್ ನೋಡೋಕೆ ಹೋಗೋರು ನಿಮ್ಮದೇ ತಗಡು ತಗೊಂಡು ಹೋಗಿ, ನಿಮ್ಮ ಕೆಲ್ಸದ ತೀರ ತೆಳುವಿಂದು ಒಂದು, ತೀರ ದಪ್ಪದ್ದು ಒಂದು. ಎರಡನ್ನೂ ಪೂರ್ತಿ ಉದ್ದಕ್ಕೆ ಕಟ್ ಮಾಡಿಸಿ ಅಂಚು ನೋಡಿ. ಸೈಡ್ ಫ್ರೇಮಿನ ಒಳ ಮೂಲೆಯಲ್ಲಿ ವೆಲ್ಡಿಂಗ್ ಹೊಡೆದು ಪೇಂಟ್ ಬಳಿದಿದ್ದಾರಾ ಅಂತ ಟಾರ್ಚ್ ಬಿಟ್ಟು ನೋಡಿ, ಅಲ್ಲಿ ಬಿರುಕಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಫಿಂಗರ್ ಗಾರ್ಡ್ ಬಿಚ್ಚಿಟ್ಟಿದ್ರೆ ಅದನ್ನೂ ಕೇಳಿ ಇಸ್ಕೊಳ್ಳಿ, ಪೆಡಲ್ ಮೇಲಿನ ಕವರೂ. ಮತ್ತೆ ಬಾಕಿ ದುಡ್ಡು ಪೂರ್ತಿ ಕೊಡೋದು ನಿಮ್ಮ ಶೆಡ್ಡಲ್ಲಿ ಕೂರಿಸಿ ಅದೇ ಎರಡು ದಪ್ಪ ಮತ್ತೆ ಕಟ್ ಮಾಡಿ ತೋರಿಸಿದ ಮೇಲೇ ಅಂತ ಮೊದಲೇ ಮಾತಾಡ್ಕೊಳ್ಳಿ, ಯಾಕಂದ್ರೆ ಲಾರಿ ಮೇಲೆ ಬಂದ ಮಷಿನ್ ಅಲ್ಲಿದ್ದ ಗ್ಯಾಪಲ್ಲೇ ಇಲ್ಲಿಗೂ ಬಂದು ಕೂರಲ್ಲ.